ಆಗುಂಬೆ ಘಾಟಿಗೆ ನ್ಯೂರ್ಬರ್ಗ್‌ರಿಂಗ್‌ನ ಹೆಸರು ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಆಗುಂಬೆ ಘಾಟಿಯ ರಸ್ತೆಯನ್ನು ‘ನಮ್ಮೂರ ನ್ಯೂರ್ಬರ್ಗ್‌ರಿಂಗ್’ ಎಂದು ಕರೆದು, ಜರ್ಮನಿಯ ಆ ಕಾರು ಓಟದ ಟ್ರ್ಯಾಕಿನಂತೆ ಇಲ್ಲೂ ಯಾಕೆ ಓಡಿಸಬಾರದು ಎಂದು ಕೇಳಿ ಪ್ರಕಟವಾದ ಲೇಖನವನ್ನು ಎರಡು ಬಾರಿ ಓದಿದೆ. ಬರೆದವರಿಗೆ ಘಾಟಿಯ ಮೇಲೂ ಮೋಟಾರು ಓಟದ ಮೇಲೂ ಇರುವ ಪ್ರೀತಿ ಲೇಖನದ ಉದ್ದಕ್ಕೂ ಕಾಣುತ್ತದೆ. ಆ ಎರಡೂ ಪ್ರೀತಿ ನನಗೂ ಇದೆ. ನನ್ನ ತಂದೆಯವರು ಉಡುಪಿಯಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಚಾಲಕರಾಗಿದ್ದರು. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಮೂವತ್ತು ವರ್ಷ ಆಟೊಮೊಬೈಲ್ ವಿಭಾಗದ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾಗಿದ್ದೇನೆ. ಆದ್ದರಿಂದಲೇ ಆ ಹೋಲಿಕೆಯನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಆ ಜರ್ಮನ್ ಟ್ರ್ಯಾಕ್ ಯಾಕೆ ಹುಟ್ಟಿತು, ಹೇಗೆ ಬೆಳೆಯಿತು, ಏನನ್ನು ಕಳೆದುಕೊಂಡಿತು ಎಂಬುದನ್ನು ತಿಳಿದವರು ನಮ್ಮ ಘಾಟಿಗೆ ಅದರ ಹೆಸರನ್ನು ಇಡಲಾರರು.

ಮೊದಲು ಒಂದು ಅಂಕಿಯ ತಿದ್ದುಪಡಿ. ಟ್ರ್ಯಾಕಿನ ಉದ್ದ 28 ಕಿಲೋಮೀಟರ್ ಎಂದು ಲೇಖನದಲ್ಲಿ ಅಚ್ಚಾಗಿದೆ. ಅದು 1927ರಲ್ಲಿ ಉತ್ತರದ ಸುತ್ತು ಮತ್ತು ದಕ್ಷಿಣದ ಸುತ್ತು ಎರಡನ್ನೂ ಕೂಡಿಸಿದಾಗ ಬರುತ್ತಿದ್ದ ಅಳತೆ. ಜರ್ಮನ್ನರು ‘ನೋರ್ಡ್‌ಶ್ಲೈಫೆ’ ಎಂದು ಕರೆಯುವ, ಜಗತ್ತು ನ್ಯೂರ್ಬರ್ಗ್‌ರಿಂಗ್ ಎಂದೊಡನೆ ನೆನೆಯುವ ಉತ್ತರದ ಸುತ್ತು ಆಗ 22.8 ಕಿ.ಮೀ. ಇತ್ತು. 1980ರ ದಶಕದ ಆರಂಭದಲ್ಲಿ ಪಕ್ಕದಲ್ಲೇ ಹೊಸ ಟ್ರ್ಯಾಕ್ ಕಟ್ಟುವಾಗ ಅದರ ಒಂದು ಭಾಗ ಹೋಗಿ ಈಗ 20.832 ಕಿ.ಮೀ. ಉಳಿದಿದೆ. ದಕ್ಷಿಣದ ಸುತ್ತು ಬಳಕೆ ತಪ್ಪಿ ಮರೆಯಾಯಿತು.

ಇನ್ನು ಅದು ಹುಟ್ಟಿದ ಬಗೆ. ಬಾನ್ ಮತ್ತು ಕಲೋನ್ ನಗರಗಳ ದಕ್ಷಿಣಕ್ಕಿರುವ ಐಫೆಲ್ ಎಂಬ ಗುಡ್ಡಗಾಡು ಒಂದು ಕಾಲದಲ್ಲಿ ‘ಪ್ರಶ್ಯದ ಸೈಬೀರಿಯ’ ಎಂದೇ ಹೆಸರಾಗಿದ್ದ ಬಡ ಸೀಮೆ. ಮಣ್ಣಿನಲ್ಲಿ ಸಾರವಿಲ್ಲ, ಚಳಿ ಜಾಸ್ತಿ, ಮಳೆ ಮಂಜು ಹೇಳಿ ಕೇಳಿ ಬರುವುದಿಲ್ಲ. 1922ರಲ್ಲಿ ಆ ಸೀಮೆಯ ನಿಡೆಗ್ಗೆನ್ ಊರಿನ ಸುತ್ತಲಿನ ಸಾರ್ವಜನಿಕ ರಸ್ತೆಗಳಲ್ಲೇ ಐಫೆಲ್ ಓಟ ಆರಂಭವಾಯಿತು. ಊರಿನ ನಡುವೆ, ಹೊಲದ ಅಂಚಿನಲ್ಲಿ, ಧೂಳೆಬ್ಬಿಸಿಕೊಂಡು ಕಾರುಗಳು ಓಡುವುದು ಹೆಚ್ಚು ಕಾಲ ನಡೆಯುವ ಮಾತಲ್ಲ ಎಂಬುದು ಅಲ್ಲಿನವರಿಗೆ ಬೇಗ ಮನವರಿಕೆಯಾಯಿತು. ಓಟಕ್ಕೆಂದೇ ಬೇರೆ ರಸ್ತೆ ಬೇಕು, ಜರ್ಮನಿಯ ಕಾರು ಕಾರ್ಖಾನೆಗಳಿಗೆ ಪರೀಕ್ಷೆಯ ಜಾಗ ಬೇಕು, ಕೆಲಸವಿಲ್ಲದೆ ಕುಳಿತವರ ಕೈಗೆ ಕೂಲಿ ಬೇಕು: ಈ ಮೂರು ಅಗತ್ಯಗಳನ್ನು ಒಂದೇ ಯೋಜನೆಯಲ್ಲಿ ಹೆಣೆದವರು ಆಡೆನಾವ್ ಜಿಲ್ಲೆಯ ಆಡಳಿತಾಧಿಕಾರಿ ಡಾ. ಒಟ್ಟೊ ಕ್ರೊಯಿಟ್ಸ್. 1925ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಬಿತ್ತು. ಎರಡು ಸಾವಿರಕ್ಕೂ ಮಿಕ್ಕಿದ ಕೂಲಿಕಾರರು ಗುಡ್ಡ ಕಡಿದು, ಕಣಿವೆ ತುಂಬಿ, ಎರಡು ವರ್ಷದೊಳಗೆ ಆ ಹಾದಿಯನ್ನು ಮುಗಿಸಿದರು. 1927ರ ಜೂನ್ 18ರಂದು ಬೈಕುಗಳು, ಮರುದಿನ ಕಾರುಗಳು ಓಡಿದವು. ಕಾರಿನ ಓಟವನ್ನು ಮರ್ಸಿಡಿಸ್‌ನಲ್ಲಿ ರುಡೋಲ್ಫ್ ಕರಾಚಿಯೋಲಾ ಗೆದ್ದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಊರವರ ರಸ್ತೆಯನ್ನು ಓಟದಿಂದ ಬಿಡಿಸಿಕೊಳ್ಳಲಿಕ್ಕೆ ಕಟ್ಟಿದ ಹಾದಿ ಅದು. ಊರವರೆಲ್ಲ ಓಡಾಡುವ ಘಾಟಿ ರಸ್ತೆಯೊಂದಕ್ಕೆ ಓಟದ ಹುರುಪು ಹತ್ತಿಸಲು ಅದರ ಹೆಸರನ್ನೇ ಬಳಸಿದರೆ ಅದು ಹುಟ್ಟಿದ ಕಾರಣವನ್ನೇ ತಲೆಕೆಳಗು ಮಾಡಿದಂತಾಗುತ್ತದೆ.

ಮೂರು ವರ್ಷಗಳ ಹಿಂದೆ, ಕಲೋನ್‌ನಲ್ಲಿ ಕೆಲಸಕ್ಕಿರುವ ಮಗನ ಮನೆಗೆ ಹೋಗಿದ್ದಾಗ, ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಆ ಜಾಗವನ್ನು ಕಣ್ಣಾರೆ ನೋಡುವ ಅವಕಾಶ ನನಗೆ ಸಿಕ್ಕಿತು. ಸುತ್ತಿನ ಒಳಗೆ ಒಂದು ಇಡೀ ಹಳ್ಳಿಯಿದೆ, ಹಳ್ಳಿಯ ನೆತ್ತಿಯ ಮೇಲೆ ಹಳೆಯ ಕೋಟೆಯೊಂದರ ಪಾಳು ಗೋಪುರವಿದೆ. ಆ ನ್ಯೂರ್ಬರ್ಗ್ ಕೋಟೆಯಿಂದಲೇ ಟ್ರ್ಯಾಕಿಗೆ ಹೆಸರು. ಕೆಳಗೆ ಆಡೆನಾವ್ ಪೇಟೆಯಲ್ಲಿ ಹದವಾದ ಬಿಸಿಲಿತ್ತು. ಮೇಲೆ ಕೋಟೆಯ ಬಳಿ ಹತ್ತು ಮಾರು ಮುಂದಿನ ಮರ ಕಾಣಿಸುತ್ತಿರಲಿಲ್ಲ. ಹೆಬ್ರಿಯಲ್ಲಿ ಬಟ್ಟೆ ಒಣಗುವಾಗ ಆಗುಂಬೆಯಲ್ಲಿ ಜಡಿಮಳೆ ಹೊಯ್ಯುವುದನ್ನು ಕಂಡು ಬೆಳೆದ ನನಗೆ ಅದು ಅಪರಿಚಿತವೆನಿಸಲಿಲ್ಲ. ಸುತ್ತಿನ ಅತಿ ತಗ್ಗಿಗೂ ಅತಿ ಎತ್ತರಕ್ಕೂ ಸುಮಾರು 300 ಮೀಟರ್ ಅಂತರವಿದೆ. ಒಂದೇ ಸುತ್ತಿನಲ್ಲಿ ಒಣ ಡಾಂಬರು, ಒದ್ದೆ ಡಾಂಬರು, ಮರದ ನೆರಳಿನಲ್ಲಿ ಜಾರುವ ಎಲೆ ಮೂರನ್ನೂ ದಾಟಬೇಕಾಗುವುದರಿಂದ ಯಾವ ಟಯರ್ ಹಾಕಬೇಕು ಎಂಬ ಪ್ರಶ್ನೆಗೆ ಅಲ್ಲಿ ಎಷ್ಟೋ ಸಲ ಸರಿಯುತ್ತರವೇ ಇರುವುದಿಲ್ಲ.

ತಿರುವುಗಳ ಹೆಸರು ಕೇಳಿದರೆ ಆ ನೆಲದ ಸ್ವಭಾವ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಫುಕ್ಸ್‌ರೋರೆ ಎಂದರೆ ನರಿಯ ಬಿಲ. ಬೆರ್ಗ್‌ವೆರ್ಕ್ ಎಂದರೆ ಗಣಿ. ಪ್ಫ್ಲಾನ್ಸ್‌ಗಾರ್ಟನ್ ಎಂದರೆ ಸಸಿ ಬೆಳೆಸುವ ತೋಟ. ಬ್ರೂನ್‌ಷೆನ್ ಎಂದರೆ ಸಣ್ಣ ಒರತೆ, ಶ್ವೇಡನ್‌ಕ್ರೊಯಿಟ್ಸ್ ಎಂದರೆ ಸ್ವೀಡನ್ನರ ಶಿಲುಬೆ. ಹಣ ಕೊಟ್ಟವರ ಹೆಸರನ್ನು ತಿರುವಿಗೆ ಅಂಟಿಸುವ ಈಗಿನ ಪದ್ಧತಿಗಿಂತ ಇದು ಎಷ್ಟೋ ಮೇಲು ಎಂದು ನನ್ನ ಅಭಿಪ್ರಾಯ. ಬೈಲು, ಮಜಲು, ಬೆಟ್ಟು ಎಂದು ಗದ್ದೆಯ ಎತ್ತರವನ್ನೇ ಊರಿನ ಹೆಸರಾಗಿ ಉಳಿಸಿಕೊಂಡ ತುಳುನಾಡಿನವರಿಗೆ ಇದರ ಬೆಲೆ ಗೊತ್ತಿದೆ. ಹಾದಿ ಕಟ್ಟಿದವರು ಗುಡ್ಡ ಹೇಗಿತ್ತೋ ಹಾಗೇ ರಸ್ತೆಯನ್ನು ಹೊರಳಿಸಿದರು. ನರಿಯ ಬಿಲದ ತಳದಲ್ಲಿ ಕಾರಿನ ಸಸ್ಪೆನ್ಷನ್ ಪೂರ್ತಿ ಅದುಮಿಕೊಳ್ಳುತ್ತದೆ. ಸಸಿ ತೋಟದ ಇಳಿಜಾರಿನಲ್ಲಿ ಚಕ್ರಗಳು ನೆಲ ಬಿಡುತ್ತಿದ್ದವು. ‘ಕರುಸೆಲ್’ ಎಂಬ ದುಂಡು ತಿರುವಿನಲ್ಲಿ ಒಳಬದಿಗೆ ಓರೆಯಾಗಿ ಹಾಸಿದ ಕಾಂಕ್ರೀಟ್ ಪಟ್ಟಿಯಿದೆ. ಮೊದಲಿಗೆ ಅದು ನೀರು ಹರಿಯುವ ಚರಂಡಿಯಷ್ಟೇ ಆಗಿತ್ತೆಂದೂ, ಕರಾಚಿಯೋಲಾ ಅದರೊಳಗೆ ಚಕ್ರ ಇಳಿಸಿ ತಿರುಗುವ ಜಾಣ್ಮೆ ತೋರಿದ ಮೇಲೆ ಎಲ್ಲರೂ ಹಾಗೆಯೇ ಮಾಡತೊಡಗಿದರೆಂದೂ ಹೇಳುವುದುಂಟು. ತಿರುವುಗಳ ಸಂಖ್ಯೆ ಎಣಿಸುವವರ ಲೆಕ್ಕದಂತೆ ಬದಲಾಗುತ್ತದೆ. ಈಗಿನ ಸುತ್ತಿಗೆ 73 ಎಂಬುದು ಸಾಮಾನ್ಯವಾಗಿ ಕೊಡುವ ಅಂಕಿ.

ಇಂಥ ಹಾದಿಯನ್ನು ಬಾಯಿಪಾಠ ಮಾಡಿಕೊಳ್ಳುವುದೇ ಒಂದು ವಿದ್ಯೆ. 1957ರ ಆಗಸ್ಟ್ 4ರಂದು, ಜರ್ಮನ್ ಗ್ರಾಂಪ್ರಿ ಎಂಬ ಫಾರ್ಮುಲಾ ಒನ್ ಓಟದಲ್ಲಿ, ಅರ್ಜೆಂಟೀನಾದ ಹುವಾನ್ ಮಾನ್ವೆಲ್ ಫಾಂಜಿಯೊ ಆ ವಿದ್ಯೆಯ ಪರಮಾವಧಿಯನ್ನು ತೋರಿಸಿದರು. ಆಗ ಅವರಿಗೆ 46 ವರ್ಷ. ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಹಗುರವಾಗಿ ಹೊರಟು, ನಡುವೆ ಒಮ್ಮೆ ನಿಲ್ಲಿಸಿ ಟಯರ್ ಬದಲಾಯಿಸುವ ಲೆಕ್ಕ ಅವರದು. ಆದರೆ ಆ ನಿಲುಗಡೆ ಅಂದಾಜಿಗಿಂತ ಬಹಳ ಉದ್ದವಾಗಿ, ಮುಂದಿದ್ದ ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್ ಅವರ ಫೆರಾರಿಗಳು ಮುಕ್ಕಾಲು ನಿಮಿಷಕ್ಕೂ ಹೆಚ್ಚು ದೂರ ಹೋಗಿಬಿಟ್ಟವು. ಅಲ್ಲಿಂದಾಚೆ ಫಾಂಜಿಯೊ ಸುತ್ತಿನಿಂದ ಸುತ್ತಿಗೆ ದಾಖಲೆ ಮುರಿಯುತ್ತ ಬಂದು, 22 ಸುತ್ತಿನ ಓಟದ ಕೊನೆಯ ಹಿಂದಿನ ಸುತ್ತಿನಲ್ಲಿ ಇಬ್ಬರನ್ನೂ ದಾಟಿ ಗೆದ್ದರು. ಐದನೆಯ ಬಾರಿಗೆ ವಿಶ್ವ ಚಾಂಪಿಯನ್ ಆದರು. ಆ ದರ್ಜೆಯ ಓಟದಲ್ಲಿ ಅದೇ ಅವರ ಕೊನೆಯ ಗೆಲುವು. ನಮ್ಮ ಪುರವಣಿಯ ಲೇಖನ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದೆ. ಅಂದು ಮೂರನೆಯವರಾಗಿ ಗುರಿ ಮುಟ್ಟಿದ ಕಾಲಿನ್ಸ್ ಮರುವರ್ಷದ ಆಗಸ್ಟಿನಲ್ಲಿ ಅದೇ ಟ್ರ್ಯಾಕಿನ ಸಸಿ ತೋಟದ ತಿರುವಿನಲ್ಲಿ ಕಾರು ಮಗುಚಿ ತೀರಿಕೊಂಡರು. ಅದಕ್ಕೂ ಮುಂಚೆ, 1954ರಲ್ಲಿ, ಫಾಂಜಿಯೊ ಅವರ ದೇಶದವರೇ ಆದ ಒನೊಫ್ರೆ ಮರಿಮೋನ್ ಅಭ್ಯಾಸದ ವೇಳೆ ಅಲ್ಲೇ ಪ್ರಾಣ ಬಿಟ್ಟಿದ್ದರು. ಗೆಲುವನ್ನು ಬರೆದವರು ಈ ಎರಡು ಸಾಲನ್ನೂ ಬರೆಯಬೇಕಿತ್ತು.

‘ಹಸಿರು ನರಕ’ ಎಂಬ ಹೆಸರನ್ನು ಲೇಖನ ಹೆಮ್ಮೆಯಿಂದ ಎತ್ತಿ ಹೇಳಿದೆ. ಅದನ್ನು ಇಟ್ಟವರು ಸ್ಕಾಟ್ಲೆಂಡಿನ ಜಾಕಿ ಸ್ಟೂವರ್ಟ್. 1968ರಲ್ಲಿ ಸುರಿಯುವ ಮಳೆಯಲ್ಲಿ, ದಟ್ಟ ಮಂಜಿನಲ್ಲಿ, ಗಾಯಗೊಂಡ ಮಣಿಕಟ್ಟಿಗೆ ಪಟ್ಟಿ ಬಿಗಿದುಕೊಂಡು ಓಡಿಸಿ, ಎರಡನೆಯವರಿಗಿಂತ ನಾಲ್ಕು ನಿಮಿಷಕ್ಕೂ ಹೆಚ್ಚು ಮುಂದೆ ಬಂದು ಅವರು ಗೆದ್ದರು. ಅಷ್ಟು ದೊಡ್ಡ ಗೆಲುವು ಪಡೆದವರೇ ಮುಂದೆ ಆ ಟ್ರ್ಯಾಕಿನ ಅಪಾಯದ ಕುರಿತು ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದರು ಎಂಬುದನ್ನು ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ. 1970ರಲ್ಲಿ ಚಾಲಕರು ಅಲ್ಲಿ ಓಡಲು ಒಪ್ಪದೆ ಜರ್ಮನ್ ಗ್ರಾಂಪ್ರಿ ಹಾಕನ್‌ಹೈಮ್ ಎಂಬ ಬೇರೆ ಟ್ರ್ಯಾಕಿಗೆ ಹೋಯಿತು. ಆಮೇಲೆ ಅಂಚಿನ ಪೊದೆ ಮರಗಳನ್ನು ಕಡಿದು, ಏರುಬ್ಬುಗಳನ್ನು ತಗ್ಗಿಸಿ, ಉಕ್ಕಿನ ತಡೆಗೋಡೆ ಹಾಕಿದ ಮೇಲಷ್ಟೇ ಅದು ಮರಳಿತು.

ಮರಳಿದರೂ ನಿಲ್ಲಲಿಲ್ಲ. 1976ರ ಆಗಸ್ಟ್ 1ರ ಓಟಕ್ಕೆ ಮೊದಲು, ಈ ಹಾದಿಯ ಉದ್ದಕ್ಕೂ ಬೆಂಕಿ ಆರಿಸುವವರನ್ನು, ರಕ್ಷಣೆಯವರನ್ನು ಸಾಕಷ್ಟು ನಿಲ್ಲಿಸಲಾಗದು, ಆದ್ದರಿಂದ ಓಡುವುದು ಬೇಡ ಎಂದು ಸಹಚಾಲಕರಲ್ಲಿ ಕೇಳಿಕೊಂಡವರು ಆಗಿನ ಚಾಂಪಿಯನ್ ನಿಕಿ ಲೌಡಾ. ಅವರಿಗೆ ಬಹುಮತ ಸಿಗಲಿಲ್ಲ. ಅರ್ಧ ಒದ್ದೆ, ಅರ್ಧ ಒಣಗಿದ ಹಾದಿಯಲ್ಲಿ ಓಟ ಶುರುವಾಗಿ, ಎರಡನೆಯ ಸುತ್ತಿನಲ್ಲಿ ‘ಗಣಿ’ ತಿರುವಿನ ಮುನ್ನ ಲೌಡಾ ಅವರ ಕಾರೇ ಜಾರಿ ಹೊತ್ತಿ ಉರಿಯಿತು. ಅವರನ್ನು ಬೆಂಕಿಯಿಂದ ಎಳೆದು ತೆಗೆದವರು ಹಿಂದಿನಿಂದ ಬಂದು ಕಾರು ನಿಲ್ಲಿಸಿದ ಸಹಚಾಲಕರು: ಆರ್ತುರೊ ಮೆರ್ಜಾರಿಯೊ, ಗೈ ಎಡ್ವರ್ಡ್ಸ್, ಬ್ರೆಟ್ ಲಂಗರ್, ಹಾರಲ್ಡ್ ಎರ್ಟ್ಲ್. ಸುಟ್ಟ ಮುಖಕ್ಕೆ, ವಿಷದ ಹೊಗೆ ಕುಡಿದ ಶ್ವಾಸಕೋಶಕ್ಕೆ ಚಿಕಿತ್ಸೆ ಪಡೆದು ಆರು ವಾರದಲ್ಲಿ ಇಟಲಿಯ ಮೊಂಜಾದಲ್ಲಿ ಓಡಿಸಿ ನಾಲ್ಕನೆಯವರಾಗಿ ಬಂದ ಲೌಡಾ ಅವರ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಫಾರ್ಮುಲಾ ಒನ್ ಆ ಸುತ್ತಿನಲ್ಲಿ ಮತ್ತೆಂದೂ ಓಡಲಿಲ್ಲ. ಸಹಾಯಕ್ಕೆ ಒಬ್ಬರು ತಲುಪುವಷ್ಟರಲ್ಲಿ ಹೊತ್ತು ಮೀರಿಹೋಗುವಷ್ಟು ಉದ್ದದ ಹಾದಿಯಲ್ಲಿ ಆ ವೇಗ ಸಲ್ಲದು ಎಂದು, ಅರ್ಧ ಶತಮಾನ ಅಲ್ಲಿ ಓಡಿದವರೇ ತೀರ್ಮಾನಿಸಿದರು. ಸ್ಟೂವರ್ಟ್ ಮತ್ತು ಲೌಡಾ ಇಬ್ಬರನ್ನೂ ಪಾಠದ ಕೋಣೆಯಲ್ಲಿ ನಾನು ವರ್ಷಕ್ಕೊಮ್ಮೆ ತಪ್ಪದೆ ನೆನಪಿಸುತ್ತಿದ್ದೆ.

1984ರಲ್ಲಿ ಪಕ್ಕದಲ್ಲಿ ಕಿರಿದಾದ ಹೊಸ ಟ್ರ್ಯಾಕ್ ತೆರೆಯಿತು. ಹಳೆಯದು ದೀರ್ಘ ಓಟಗಳಿಗೆ, ಕಾರ್ಖಾನೆಗಳ ಪರೀಕ್ಷೆಗೆ ಉಳಿಯಿತು. 1970ರಲ್ಲಿ ಆರಂಭವಾದ 24 ಗಂಟೆಯ ಓಟವನ್ನು 1996ರಲ್ಲೂ 1997ರಲ್ಲೂ ಗೆದ್ದ ತಂಡದಲ್ಲಿದ್ದ ಸಬೀನೆ ಶ್ಮಿಟ್ಸ್ ಬೆಳೆದದ್ದು ಆ ಸುತ್ತಿನೊಳಗಿನ ಹಳ್ಳಿಯಲ್ಲೇ. 2015ರಲ್ಲಿ ಫ್ಲುಗ್‌ಪ್ಲಾಟ್ಸ್ ಎಂಬ ಏರಿನಲ್ಲಿ ಕಾರೊಂದು ಗಾಳಿಗೆ ಹಾರಿ ಪ್ರೇಕ್ಷಕರೊಬ್ಬರು ಸತ್ತಾಗ, ಅಲ್ಲಿನವರು ಮೊದಲು ವೇಗಕ್ಕೆ ಮಿತಿ ಹಾಕಿದರು, ಬಳಿಕ ಆ ಏರನ್ನೇ ಸಮ ಮಾಡಿದರು.

ಸುತ್ತಿನ ಸಮಯಗಳ ಬಗ್ಗೆಯೂ ಎರಡು ಮಾತು ಅಗತ್ಯ. 1983ರಲ್ಲಿ ಸ್ಟೆಫಾನ್ ಬೆಲೋಫ್ ಪೋರ್ಷೆ 956ರಲ್ಲಿ 6 ನಿಮಿಷ 11.13 ಸೆಕೆಂಡಿನಲ್ಲಿ ಸುತ್ತಿದ್ದು 35 ವರ್ಷ ಉಳಿಯಿತು; 2018ರಲ್ಲಿ ಟಿಮೊ ಬೆರ್ನ್‌ಹಾರ್ಡ್ 5 ನಿಮಿಷ 19.546 ಸೆಕೆಂಡಿನಲ್ಲಿ ಸುತ್ತಿದರು. ಎರಡನೆಯದು ಯಾವ ಓಟದ ನಿಯಮಕ್ಕೂ ಒಳಪಡದಂತೆ ಮಾರ್ಪಡಿಸಿದ ಕಾರು, ಖಾಲಿ ಮಾಡಿಸಿದ ಟ್ರ್ಯಾಕ್. ಈ ವ್ಯತ್ಯಾಸ ಹೇಳದೆ ಅಂಕಿ ಮಾತ್ರ ಅಚ್ಚು ಹಾಕಿದರೆ ಓದುಗರಿಗೆ ಏನೂ ತಿಳಿಸಿದಂತಾಗುವುದಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸಿದವರ ವೇಗವನ್ನು ನೂರು ಮೀಟರ್ ಓಟದ ದಾಖಲೆಗೆ ಹೋಲಿಸಿ ದೇಶವೆಲ್ಲ ಕೂಗಿದಾಗ, ಕೋಣ ಓಡುವ ಕರೆಯ ಕೆಸರು ಬೇರೆ, ಕೋಣದ ಎಳೆತ ಬೇರೆ, ಕರೆಯಿಂದ ಕರೆಗೆ ಉದ್ದವೂ ನೀರೂ ಬೇರೆ ಎಂದು ಹೇಳಿದವರು ಕಂಬಳದವರೇ. ಓಟ ಹೊರಡುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗಿನ ನೆಲವನ್ನು ಬಲ್ಲವರಿಗೆ ಸಹಜವಾಗಿ ಬರುವ ಆ ವಿವೇಕ ಮೋಟಾರು ಓಟದ ವರದಿಯಲ್ಲೂ ಇರಬೇಕೆಂದು ನನ್ನ ಆಸೆ.

ಇಷ್ಟು ಹೇಳಿದ ಮೇಲೆ ಲೇಖನದ ಮುಖ್ಯ ವಾದಕ್ಕೆ ಬರುತ್ತೇನೆ. ‘ಅಲ್ಲಿ ದುಡ್ಡು ಕೊಟ್ಟರೆ ಯಾರು ಬೇಕಾದರೂ ಕಾರು ಓಡಿಸಬಹುದು, ಹಾಗಿರುವಾಗ ನಮ್ಮ ಘಾಟಿಯಲ್ಲಿ ಯಾಕೆ ಬೇಡ’ ಎಂದು ಬರೆದಿದ್ದಾರೆ. ಯಾರು ಬೇಕಾದರೂ ಓಡಿಸಬಹುದು ಎಂಬುದು ನಿಜ. ಆದರೆ ಆ ಹೊತ್ತಿನಲ್ಲಿ ಅದು ಏಕಮುಖ ಸಂಚಾರದ ಸುಂಕದ ರಸ್ತೆ. ಎದುರಿನಿಂದ ಒಂದು ಸೈಕಲ್ ಕೂಡ ಬರುವಂತಿಲ್ಲ. ಜರ್ಮನಿಯ ಸಾಮಾನ್ಯ ರಸ್ತೆ ಕಾನೂನು ಅಲ್ಲಿಗೂ ಅನ್ವಯ. ತಡೆಗೋಡೆಗೆ ಗುದ್ದಿದರೆ ಅದರ ದುರಸ್ತಿಯ ಹಣ ಗುದ್ದಿದವರೇ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾರ್ವಜನಿಕರು ಓಡಿಸುವ ವೇಳೆಯಲ್ಲಿ ಪೈಪೋಟಿ ಮಾಡುವುದಕ್ಕೂ ಸುತ್ತಿನ ಸಮಯ ಅಳೆಯುವುದಕ್ಕೂ ಅಲ್ಲಿ ನಿಷೇಧವಿದೆ. ನಾನು ಹೋದ ದಿನ ಮಂಜು ಕವಿದಿತ್ತೆಂದು ಗೇಟು ತೆರೆಯಲೇ ಇಲ್ಲ. ದೂರದ ಊರುಗಳಿಂದ ಬಂದವರು ಕಾರುಗಳ ಪಕ್ಕ ನಿಂತು ಕಾಫಿ ಕುಡಿಯುತ್ತ ಮೂರು ಗಂಟೆ ಕಾದರು. ಒಬ್ಬರೂ ದನಿ ಎತ್ತಲಿಲ್ಲ. ಮಂಜು ಸರಿದ ಮೇಲೆ ಬ್ರೂನ್‌ಷೆನ್ ಬದಿಯ ಕಾಡಿನ ಕಾಲುದಾರಿಯಲ್ಲಿ ನಿಂತು, ಅಭಿಮಾನಿಗಳು ಡಾಂಬರಿನ ಮೇಲೆ ಬಣ್ಣದಿಂದ ಬರೆದ ಹೆಸರುಗಳ ಮೇಲೆ ಒಂದರ ಹಿಂದೊಂದು ಕಾರು ಹೋಗುವುದನ್ನು ಸಂಜೆಯವರೆಗೆ ನೋಡಿದೆ. ಅಷ್ಟು ಸಂತೋಷದ ದಿನ ನನ್ನ ನಿವೃತ್ತ ಜೀವನದಲ್ಲಿ ಹೆಚ್ಚಿಲ್ಲ.

ನಮ್ಮ ಘಾಟಿಯ ಮಾತೇ ಬೇರೆ. ಸೋಮೇಶ್ವರದಿಂದ ಮೇಲೇರುವ ಆ 14 ಹೇರ್‌ಪಿನ್ ತಿರುವುಗಳಲ್ಲಿ ಬಸ್ಸು ಬರುತ್ತದೆ, ಮದುವೆ ದಿಬ್ಬಣದ ವ್ಯಾನು ಬರುತ್ತದೆ, ಅಭಯಾರಣ್ಯದ ಸಿಂಗಳೀಕಗಳು ರಸ್ತೆ ದಾಟುತ್ತವೆ. ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ತರುವ ಆಂಬುಲೆನ್ಸ್ ಇಳಿಯುವುದೂ ಅದೇ ರಸ್ತೆಯಲ್ಲಿ. ಅಲ್ಲಿ ಟ್ರ್ಯಾಕಿನಲ್ಲಿ ಓಡುವವರಿಗಾಗಿ ಆಂಬುಲೆನ್ಸ್ ಕಾದು ನಿಂತಿರುತ್ತದೆ. ಇಲ್ಲಿ ಓಡುವವರಿಂದಾಗಿ ಆಂಬುಲೆನ್ಸ್ ಕಾದು ನಿಲ್ಲಬೇಕಾಗುತ್ತದೆ. ಕಳೆದ ಆಟಿ ತಿಂಗಳ ಒಂದು ಮುಂಜಾವ, ಅಕ್ಕನ ಮನೆಗೆಂದು ಆಗುಂಬೆಗೆ ಹೋಗುವಾಗ, ತಿರುವೊಂದರಲ್ಲಿ ಮೂರು ಬೈಕುಗಳು ರಸ್ತೆಯ ಅಗಲಕ್ಕೂ ಹರಡಿಕೊಂಡು ನನ್ನ ಕಾರಿನ ಎದುರು ಇಳಿದುಬಂದವು. ಮೇಲಿನ ತಿರುವಿನಲ್ಲಿ ಒಬ್ಬ ಹುಡುಗ ಮೊಬೈಲ್ ಹಿಡಿದು ಸಮಯ ಎಣಿಸುತ್ತಿದ್ದ. ನಾನು ಬಲಕ್ಕೆ ಎಳೆದು ಚರಂಡಿಗೆ ಚಕ್ರ ಇಳಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಮಕ್ಕಳ ಪ್ರಾಯ ಇಪ್ಪತ್ತು ಮೀರಿರಲಾರದು.

ನನ್ನ ತಂದೆಯವರು ಘಾಟಿ ಹತ್ತುವ ಮೊದಲು ಸೋಮೇಶ್ವರದಲ್ಲಿ ಬಸ್ಸು ನಿಲ್ಲಿಸಿ, ರೇಡಿಯೇಟರಿಗೆ ನೀರು ನೋಡಿ, ಬ್ರೇಕ್ ಒಮ್ಮೆ ತುಳಿದು ನೋಡಿಯೇ ಮುಂದೆ ಹೋಗುತ್ತಿದ್ದರು. ಪ್ರತಿ ತಿರುವಿಗೂ ಹಾರ್ನ್. ಹತ್ತುವ ಗಾಡಿ ಕಂಡರೆ ಇಳಿಯುವವರು ನಿಂತು ದಾರಿ ಬಿಡುವುದು. ಮಂಜು ಬಂದರೆ ಕಂಡಕ್ಟರ್ ಮುಂದೆ ನಡೆದು ಅಂಚು ತೋರಿಸುವುದು. ಅವರಿಗೂ ಪ್ರತಿ ತಿರುವು ಬಾಯಿಪಾಠವಾಗಿತ್ತು, ಫಾಂಜಿಯೊ ಅವರಿಗೆ ಇದ್ದಷ್ಟೇ ಎಂದು ನಾನು ಹೇಳಬಲ್ಲೆ. ಘಾಟಿಯ ಬಗ್ಗೆ ಹೆಮ್ಮೆಯಿಂದ ಬರೆಯಬೇಕೆಂದಿದ್ದರೆ ಅಂಥ ಚಾಲಕರು ಉಡುಪಿಯಲ್ಲೂ ತೀರ್ಥಹಳ್ಳಿಯಲ್ಲೂ ಈಗಲೂ ಇದ್ದಾರೆ. ಅವರನ್ನು ಮಾತಾಡಿಸಿ ಬರೆಸಬಹುದು.

ಓಟದ ಆಸೆಯುಳ್ಳ ಮಕ್ಕಳಿಗೆ ದಾರಿಯಿಲ್ಲವೆಂದಲ್ಲ. ಕೊಯಮತ್ತೂರಿನಲ್ಲಿ, ಚೆನ್ನೈ ಬಳಿಯ ಇರುಂಗಟ್ಟುಕೋಟೈಯಲ್ಲಿ ಟ್ರ್ಯಾಕುಗಳಿವೆ. ರಸ್ತೆ ಮುಚ್ಚಿ ಅನುಮತಿಯೊಂದಿಗೆ ನಡೆಯುವ ರ‍್ಯಾಲಿಗಳಿವೆ. ಕರಾವಳಿಯಲ್ಲೇ ಒಂದು ಸಣ್ಣ ಟ್ರ್ಯಾಕ್ ಬೇಕೆಂದು ಪತ್ರಿಕೆ ಒತ್ತಾಯಿಸುವುದಾದರೆ ಮೊದಲ ಸಹಿ ನನ್ನದು.

ಸದ್ಯಕ್ಕೆ ನನ್ನ ಕೋರಿಕೆ ಎರಡು. ಉದ್ದದ ಅಂಕಿಯನ್ನು ತಿದ್ದಿ ಪ್ರಕಟಿಸಬೇಕು. ತಮ್ಮ ಜಾಲತಾಣದಲ್ಲಿರುವ ಲೇಖನದ ಶೀರ್ಷಿಕೆಯಿಂದ ಆ ಹೆಸರನ್ನು ತೆಗೆಯಬೇಕು. ತಿದ್ದುಪಡಿ ಶನಿವಾರದೊಳಗೆ ಬಂದರೆ ಉಪಕಾರವಾದೀತು. ಆ ಪುಟದ ಚಿತ್ರ ನನ್ನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದ್ದು, ಭಾನುವಾರ ಬೆಳಿಗ್ಗೆ ಆರಕ್ಕೆ ಸೋಮೇಶ್ವರದಲ್ಲಿ ಸೇರುವವರು ಯಾರ್‍ಯಾರು ಎಂದು ಅದರ ಕೆಳಗೆ ಒಬ್ಬ ಕೇಳಿದ್ದಾನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಆಟೊಮೊಬೈಲ್ ಉಪನ್ಯಾಸಕ,
ಹೆಬ್ರಿ, ಉಡುಪಿ ಜಿಲ್ಲೆ